ತುಕ್ಕು ತೆಗೆಯುವುದೆಷ್ಟು, ಉಳಿಸುವುದೆಷ್ಟು?

ಕನ್ನಡದಲ್ಲಿ ಲೋಹ ಕೆಡುವುದಕ್ಕೆ ಒಂದೇ ಹೆಸರಿಲ್ಲ. ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕಿಲುಬಿಗೆ ಹುಣಸೆಹಣ್ಣಿನ ಮದ್ದಿದೆ. ಹಬ್ಬದ ಹಿಂದಿನ ದಿನ ತಿಕ್ಕಿ ತೊಳೆದರೆ ದೀಪದ ಕಂಬ ಮತ್ತೆ ಹೊಳೆಯುತ್ತದೆ, ಅದರ ಆಕಾರದಲ್ಲಿ ಏನೂ ಕಮ್ಮಿಯಾಗಿರುವುದಿಲ್ಲ. ತುಕ್ಕಿನ ಸ್ವಭಾವ ಬೇರೆ. ಅದು ಹಿಡಿದಷ್ಟು ಲೋಹ ಲೋಹವಾಗಿ ಉಳಿಯುವುದಿಲ್ಲ. ಅದಕ್ಕೇ ಇರಬೇಕು, ಮನುಷ್ಯರ ವಿಷಯಕ್ಕೆ ಬಂದಾಗ ನಾವು ತುಕ್ಕನ್ನೇ ನೆನೆಯುತ್ತೇವೆ. ಬುದ್ಧಿಗೆ ತುಕ್ಕು ಹಿಡಿದಿದೆ, ವ್ಯವಸ್ಥೆಗೆ ತುಕ್ಕು ಹಿಡಿದಿದೆ ಎನ್ನುತ್ತೇವೆ. ಮಾತಿನಲ್ಲಿ ಇಷ್ಟು ಬಳಸುವ ತುಕ್ಕನ್ನು ಹತ್ತಿರ ಕೂತು ನೋಡುವವರು ಮಾತ್ರ ಕಡಿಮೆ.

ಹತ್ತಿರ ಕೂತು ನೋಡುವುದಕ್ಕೆ ಒಂದು ಒಳ್ಳೆಯ ವಸ್ತು ಹಳೆಯ ಕಾರು. ಓಡಿಸುವುದನ್ನು ನಿಲ್ಲಿಸಿ, ಮಾರಲು ಮನಸ್ಸಾಗದೆ, ಶೆಡ್ಡಿನಲ್ಲಿ ಹೊದಿಸಿಟ್ಟ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಒಂದು ದಿನ ಯಾರೋ ಹೊದಿಕೆ ಸರಿಸಿ ನೋಡುತ್ತಾರೆ. ಬಾನೆಟ್ಟಿನ ಅಂಚಿನಲ್ಲಿ, ಬಂಪರಿನ ಮೇಲೆ, ಬಾಗಿಲ ಕೆಳಗೆ ಕಂದು ಪುಡಿ ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಬೆರಳಿಗೆ ಹತ್ತುತ್ತದೆ. ಇನ್ನೂ ತೂತು ಬಿದ್ದಿಲ್ಲ, ಹಕ್ಕಳೆ ಎದ್ದಿಲ್ಲ. ಮನೆಯಲ್ಲೇ ಒಂದು ಭಾನುವಾರ ಕೂತು ತೆಗೆಯಬಹುದಾದ ಮೇಲ್ಮೈ ತುಕ್ಕು. ಇದನ್ನು ಹೇಗೆ ತೆಗೆಯುವುದು ಎಂದು ಕೇಳಿದರೆ ಯಾವ ಗ್ಯಾರೇಜಿನವರಾದರೂ ಹೇಳುತ್ತಾರೆ. ಎಷ್ಟು ತೆಗೆಯುವುದು, ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆಯಲ್ಲಿ ಮಾತ್ರ ಗ್ಯಾರೇಜಿನವರಿಗೆ ಬಿಡಲಾಗದ ಒಂದು ಭಾಗವಿದೆ. ಈ ಬರಹ ಆ ಭಾಗದ ಬಗ್ಗೆ.

ಮೊದಲು ತುಕ್ಕು ಎಂದರೇನು ಎಂಬುದು ಸ್ಪಷ್ಟವಾಗಬೇಕು. ಕಬ್ಬಿಣ ನೆಲದಲ್ಲಿ ಕಬ್ಬಿಣವಾಗಿ ಸಿಗುವುದು ಬಹಳ ಅಪರೂಪ. ಅದು ಸಿಗುವುದು ಆಮ್ಲಜನಕದ ಜೊತೆ ಸೇರಿಕೊಂಡ ಅದಿರಾಗಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಅದಕ್ಕೆ ಅದಿರು ಕೊಟ್ಟ ಬೆಟ್ಟದ ಹೆಸರೇ ಕೆಮ್ಮಣ್ಣುಗುಂಡಿ. ಆ ಕೆಂಪು ಬಣ್ಣ ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದರ ಬಣ್ಣ. ಮಲೆನಾಡಿನ ಮರಗಳನ್ನು ಸುಟ್ಟು ಇದ್ದಿಲು ಮಾಡಿ, ಕುಲುಮೆಯಲ್ಲಿ ಆ ಅದಿರನ್ನು ಕಾಯಿಸಿದರೆ ಇದ್ದಿಲು ಆಮ್ಲಜನಕವನ್ನು ಎಳೆದುಕೊಂಡು ಹೋಗುತ್ತಿತ್ತು, ಕಬ್ಬಿಣ ಉಳಿಯುತ್ತಿತ್ತು. ತುಕ್ಕು ಹಿಡಿಯುವುದು ಇದರ ತಿರುವುಮುರುವು. ನೀರು ಮತ್ತು ಗಾಳಿ ಎರಡೂ ಸಿಕ್ಕರೆ ಕಬ್ಬಿಣ ಮತ್ತೆ ಆಮ್ಲಜನಕದ ಜೊತೆ ಸೇರಿ ಕೆಮ್ಮಣ್ಣಾಗುತ್ತದೆ. ಅಷ್ಟು ಬೆಂಕಿ ಖರ್ಚುಮಾಡಿ ಬಿಡಿಸಿದ್ದನ್ನು ಶೆಡ್ಡಿನ ತೇವ ಸದ್ದಿಲ್ಲದೆ ಮತ್ತೆ ಕೂಡಿಸುತ್ತದೆ.

ಅಲ್ಯೂಮಿನಿಯಂ ಕೂಡ ಆಮ್ಲಜನಕದೊಂದಿಗೆ ಸೇರುತ್ತದೆ, ಆದರೆ ಅಲ್ಲಿ ಹುಟ್ಟುವ ತೆಳುಪದರ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಕೆಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಾಲದೆ ಉಬ್ಬುತ್ತದೆ, ಬಿರಿಯುತ್ತದೆ, ಉದುರುತ್ತದೆ. ಉದುರಿದ ಕಡೆ ಹೊಸ ಲೋಹ ಬಯಲಾಗಿ ಮತ್ತೆ ತುಕ್ಕು ಹಿಡಿಯುತ್ತದೆ. ಮೇಲಾಗಿ ತುಕ್ಕಿನ ಪುಡಿ ಸ್ಪಂಜಿನ ಹಾಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಇವತ್ತಿನ ತೆಳು ತುಕ್ಕು ಸುಮ್ಮನೆ ಇವತ್ತಿನದ್ದಾಗಿ ಕೂರುವುದಿಲ್ಲ.

ಧಮ್ಮಪದದ ಮಲವಗ್ಗದಲ್ಲಿ ತುಕ್ಕಿನ ಹೋಲಿಕೆಯೊಂದು ಬರುತ್ತದೆ. ಕಬ್ಬಿಣದಿಂದಲೇ ಹುಟ್ಟಿದ ತುಕ್ಕು ಕಬ್ಬಿಣವನ್ನೇ ತಿನ್ನುವಂತೆ, ಮನುಷ್ಯನ ಕೃತ್ಯಗಳು ಅವನನ್ನೇ ಕೆಡಿಸುತ್ತವೆ ಎಂಬುದು ಅದರ ಆಶಯ. ನೀತಿಯಾಗಿ ಅದು ದೊಡ್ಡ ಮಾತು. ಕಾರಿನ ಮುಂದೆ ಕೂತಾಗ ಮಾತ್ರ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ಕಬ್ಬಿಣ ಒಂಟಿಯಾಗಿ ತುಕ್ಕು ಹಿಡಿಯುವುದಿಲ್ಲ. ನೀರು ಬೇಕು, ಗಾಳಿ ಬೇಕು, ಉಪ್ಪಿದ್ದರೆ ಇನ್ನೂ ಬೇಗ. ಇಷ್ಟೂ ಸೇರುವ ಹಾಗೆ ಬಿಟ್ಟವರು ಯಾರೋ ಇರಬೇಕು. ತುಕ್ಕಿನಲ್ಲಿ ಕಬ್ಬಿಣದ ಸ್ವಭಾವವಿದೆ, ಜೊತೆಗೆ ನೋಡಿಕೊಳ್ಳಬೇಕಾದವರ ಗೈರುಹಾಜರಿಯೂ ಇದೆ.

ಆ ಗೈರುಹಾಜರಿ ಹಲವು ಸಲ ಪ್ರೀತಿಯ ವೇಷದಲ್ಲೇ ಇರುತ್ತದೆ. ಕಾರು ಹಾಳಾಗದಿರಲಿ ಎಂದು ಪ್ಲಾಸ್ಟಿಕ್ಕಿನ ತಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಬಾಗಿಲು ಹಾಕಿ ಬರುತ್ತೇವೆ. ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆಳಗಿನ ತೇವದ ಗಾಳಿ ತಾಗಿ ಇಬ್ಬನಿ ಕೂರುತ್ತದೆ. ಹೊದಿಕೆಯಿಲ್ಲದಿದ್ದರೆ ಹತ್ತು ಗಂಟೆಯ ಹೊತ್ತಿಗೆ ಆರಿಹೋಗಬಹುದಾಗಿದ್ದ ಆ ಇಬ್ಬನಿ ಪ್ಲಾಸ್ಟಿಕ್ಕಿನ ಒಳಗೆ ಉಳಿದುಬಿಡುತ್ತದೆ. ಮಣ್ಣಿನ ನೆಲವಾದರೆ ನೆಲದ ತೇವವೂ ಮೇಲೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹತ್ತಿ ಬಟ್ಟೆಯ ಹೊದಿಕೆ, ಗಾಳಿಯಾಡುವ ಶೆಡ್ಡು, ಸಿಮೆಂಟಿನ ನೆಲ, ತಿಂಗಳಿಗೊಮ್ಮೆ ಬಾಗಿಲು ತೆಗೆದು ನೋಡುವ ಒಬ್ಬರು ಇದ್ದರೆ ಎಷ್ಟೋ ತುಕ್ಕು ಹುಟ್ಟುವುದೇ ಇಲ್ಲ. ಬಚ್ಚಿಡುವುದನ್ನೇ ಕಾಪಾಡುವುದು ಎಂದುಕೊಳ್ಳುವ ಅಭ್ಯಾಸ ನಮಗೆ ಕಾರಿನ ವಿಷಯದಲ್ಲಿ ಮಾತ್ರ ಇರುವುದಲ್ಲ. ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ, ಬೀರುವಿನಲ್ಲಿಟ್ಟ ತಾಳೆಗರಿ, ಪೆಟ್ಟಿಗೆಯಿಂದ ಹೊರಬರದ ವೀಣೆ ಎಲ್ಲಕ್ಕೂ ಇದೇ ಕತೆ.

ಈ ಪ್ರಶ್ನೆ ನನಗೆ ಗಟ್ಟಿಯಾಗಿ ತಗುಲಿದ್ದು ಸಾಗರದ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ. ಅವರ ತಂದೆ ವೈದ್ಯರು. 1968ರ ಫಿಯೆಟ್ 1100 ಕಾರಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದವರು. ಅವರು ಹೋದಮೇಲೆ ಕಾರು ಬಹಳ ವರ್ಷ ಶೆಡ್ಡಿನಲ್ಲಿ ನಿಂತಿತ್ತು. ತಗಡು ಆಶ್ಚರ್ಯವಾಗುವಷ್ಟು ಚೆನ್ನಾಗಿಯೇ ಉಳಿದಿತ್ತು. ಒಂದು ಕಡೆ ಮಾತ್ರ ತುಕ್ಕು ಎದ್ದು ಕಾಣುತ್ತಿತ್ತು. ಚಾಲಕನ ಬಾಗಿಲಿನ ಮೇಲೆ, ಕಿಟಕಿಯ ಗಾಜು ಇಳಿಯುವ ಅಂಚಿನಲ್ಲಿ, ಒಂದು ಅಂಗೈ ಅಗಲದ ಜಾಗ. ಡಾಕ್ಟರು ಓಡಿಸುವಾಗ ಬಲ ಮೊಣಕೈಯನ್ನು ಅಲ್ಲಿ ಊರುತ್ತಿದ್ದರಂತೆ. ವರ್ಷಗಟ್ಟಲೆ ಅಂಗಿಯ ತೋಳು ಉಜ್ಜಿ ಉಜ್ಜಿ ಬಣ್ಣ ಸವೆದು, ಅದರ ಕೆಳಗಿನ ಪ್ರೈಮರು ಸವೆದು, ಬರಿ ತಗಡು ಬಯಲಾಗಿತ್ತು. ಅವರು ಓಡಿಸುತ್ತಿರುವಷ್ಟು ದಿನ ಆ ಜಾಗ ಕೈ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು. ಕೈ ತಾಗುವುದು ನಿಂತ ಮೇಲೆ ತುಕ್ಕು ಬಂತು.

ಮಗನಿಗೆ ಇಡೀ ಕಾರಿಗೆ ಬಣ್ಣ ಹೊಡೆಸಿ, ಹೊಸದರ ಹಾಗೆ ಮಾಡಿ, ಅಪ್ಪಯ್ಯನ ಹೆಸರಿಗೆ ಗೌರವ ತರುವ ಆಸೆ. ಮಗಳಿಗೆ ಆ ಅಂಗೈ ಅಗಲದ ಜಾಗವನ್ನು ಯಾರೂ ಮುಟ್ಟಬಾರದು. "ಅಣ್ಣಾ, ಅದೊಂದೇ ಜಾಗದಲ್ಲಿ ಅಪ್ಪಯ್ಯ ಇನ್ನೂ ಕೂತಿದ್ದಾರೆ" ಎಂದಳು. ಅಣ್ಣ ಅದಕ್ಕೆ, "ಮುಟ್ಟದೇ ಬಿಟ್ರೆ ಇನ್ನು ನಾಲ್ಕು ಮಳೆಗಾಲಕ್ಕೆ ಆ ಬಾಗಿಲೇ ಇರಲ್ಲ, ಆಗ ಎಲ್ಲಿ ಕೂರ್ತಾರೆ?" ಎಂದ. ಇಬ್ಬರ ಮಾತೂ ಸರಿಯಾಗಿತ್ತು. ಜಗಳ ಬಿಗಿಯಾಗಿದ್ದೂ ಅದಕ್ಕೇ.

ಈ ಅಣ್ಣ ತಂಗಿಯ ಜಗಳ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹಳೆಯ ಚರ್ಚುಗಳ ಜೀರ್ಣೋದ್ಧಾರದ ಬಗ್ಗೆ ಇದೇ ಜಗಳ ನಡೆಯಿತು. ಪ್ಯಾರಿಸಿನ ನೋಟ್ರ ಡಾಮ್ ಚರ್ಚನ್ನು ಸರಿಪಡಿಸಿದ ವಯೋಲೆ ಲ ಡ್ಯೂಕ್ ಎಂಬ ವಾಸ್ತುಶಿಲ್ಪಿಗೆ ಕಟ್ಟಡವೊಂದನ್ನು ಪರಿಪೂರ್ಣ ಸ್ಥಿತಿಗೆ ತರುವುದೇ ಗುರಿ, ಆ ಸ್ಥಿತಿ ಹಿಂದೆ ಯಾವತ್ತೂ ಇದ್ದಿರದಿದ್ದರೂ ಚಿಂತೆಯಿಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇಂಥ ಜೀರ್ಣೋದ್ಧಾರವನ್ನು ಸುಳ್ಳೆಂದೇ ಕರೆದ. ಸತ್ತವರನ್ನು ಎಬ್ಬಿಸಲಾಗದು, ಹಾಗೆಯೇ ಹೋದ ಕೈಯ ಕೆಲಸವನ್ನು ಮರಳಿಸಲಾಗದು ಎಂಬುದು ಅವನ ವಾದ. ರಸ್ಕಿನ್‌ನ ವಾದದ ಇನ್ನೊಂದು ಅರ್ಧವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಸಮಯಕ್ಕೆ ಸರಿಯಾಗಿ ಕಾಳಜಿ ಮಾಡಿದರೆ ಜೀರ್ಣೋದ್ಧಾರದ ಪ್ರಸಂಗವೇ ಬರುವುದಿಲ್ಲ, ಸೂರಿನ ಒಂದು ತಗಡನ್ನು, ಮಳೆನೀರಿನ ದಾರಿಯಲ್ಲಿ ಸಿಕ್ಕಿಕೊಂಡ ನಾಲ್ಕು ಎಲೆಗಳನ್ನು ಆಗಿಂದಾಗ್ಗೆ ನೋಡಿಕೊಂಡರೆ ಸಾಕು ಎಂದೂ ಅವನು ಹೇಳಿದ್ದ. 1903ರಲ್ಲಿ ವಿಯೆನ್ನಾದ ಅಲೋಯಿಸ್ ರೀಗಲ್ ಹಳೆಯ ವಸ್ತುಗಳಿಗೆ ಒಂದಲ್ಲ, ಹಲವು ಬಗೆಯ ಮೌಲ್ಯಗಳಿವೆ ಎಂದು ಬಿಡಿಸಿ ತೋರಿಸಿದ. ಬಳಕೆಯ ಮೌಲ್ಯ ಒಂದು, ಚರಿತ್ರೆಯ ಮೌಲ್ಯ ಒಂದು, ವಯಸ್ಸಿನ ಮೌಲ್ಯ ಇನ್ನೊಂದು. ಇವು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ, ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಸಾಗರದ ಆ ಶೆಡ್ಡಿನಲ್ಲಿ ಅಣ್ಣ ಕೇಳುತ್ತಿದ್ದದ್ದು ಓಡುವ ಕಾರು, ತಂಗಿ ಕೇಳುತ್ತಿದ್ದದ್ದು ವಯಸ್ಸಾದ ಕಾರು.

ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಹಳೆಯದು, ಅದೂ ಒಂದು ವಾಹನದ ಮೂಲಕವೇ ಬಂದದ್ದು. ಮಿಲಿಂದಪನ್ಹದಲ್ಲಿ ನಾಗಸೇನ ಭಿಕ್ಷು ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ರಥ ಎಂಬ ಹೆಸರು ನಿಲ್ಲುತ್ತದೆ, ಅಷ್ಟೆ. ನಾಗಸೇನನ ಉದ್ದೇಶ ಆತ್ಮದ ಪ್ರಶ್ನೆ, ರಥದ ದುರಸ್ತಿಯಲ್ಲ. ಆದರೂ ಹಳೆಯ ಕಾರಿನವರಿಗೆ ಇದು ಕಿವಿ ನೆಟ್ಟಗಾಗುವ ಮಾತು. ಬಾಗಿಲು ಬದಲಿಸಿದರೆ ಅದು ಡಾಕ್ಟರ ಕಾರೇ? ಎಂಜಿನ್ ಬದಲಿಸಿದರೆ?

ಭಾರತದ ಕಾನೂನು ಕೂಡ ಈ ಪ್ರಶ್ನೆಗೆ ಒಂದು ಉತ್ತರ ಕೊಡಬೇಕಾಗಿ ಬಂದಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ದೊಡ್ಡದಾಗಿ ಮಾರ್ಪಡಿಸಿರಬಾರದು. ಬಣ್ಣದ ಹೊಳಪನ್ನಾಗಲಿ ಸೀಟಿನ ಹೊಲಿಗೆಯನ್ನಾಗಲಿ ಇಲ್ಲಿ ಎತ್ತಿ ಹೇಳಿಲ್ಲ, ಹೇಳಿರುವುದು ಅಸ್ಥಿಪಂಜರ, ಚರ್ಮ ಮತ್ತು ಹೃದಯದಂಥ ಮೂರನ್ನು. ಕಾನೂನಿಗೆ ಇಷ್ಟು ಸಾಕು. ಮೊಣಕೈ ಊರಿದ ಜಾಗದ ಬಗ್ಗೆ ಕಾನೂನು ಏನೂ ಹೇಳಲಾರದು, ಅದನ್ನು ಮನೆಯವರೇ ತೀರ್ಮಾನಿಸಬೇಕು.

ಹಾಗಾದರೆ ತಂಗಿಯ ಪಕ್ಷವನ್ನೇ ಹಿಡಿದು, ಕಾಲ ಬರೆದದ್ದನ್ನು ಕಾಲಕ್ಕೇ ಬಿಟ್ಟುಬಿಡೋಣವೆ? ಇದಕ್ಕೂ ಒಂದು ಎಚ್ಚರಿಕೆ ಬೇಕು. 2015ರಲ್ಲಿ ಪ್ಯಾರಿಸಿನಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ಒಂದು ಹರಾಜು ನಡೆಸಿತು. ರೋಜರ್ ಬಯೋ ಎಂಬ ಫ್ರೆಂಚ್ ಉದ್ಯಮಿ ದಶಕಗಳ ಹಿಂದೆ ಕೂಡಿಟ್ಟು ಮರೆತಂತಿದ್ದ ಕಾರುಗಳು ಅವು. ಅದರಲ್ಲಿ ಒಂದು ಫೆರಾರಿ, ಹಳೆಯ ಪತ್ರಿಕೆಗಳ ಕಟ್ಟುಗಳ ಕೆಳಗೆ ಹೂತುಹೋದಂತೆ ಸಿಕ್ಕಿತ್ತು. ಅದನ್ನು ಧೂಳಿನ ಸಮೇತವೇ ಪ್ರದರ್ಶಿಸಿದರು, ಅದು ಒಂದು ಕೋಟಿ ಅರವತ್ತು ಲಕ್ಷ ಯೂರೋಗಳಿಗೂ ಹೆಚ್ಚಿಗೆ ಹೋಯಿತು. ಫೆರಾರಿಯ ಬೆಲೆ ಅದರ ಅಪರೂಪದಿಂದಲೇ ಬಂದದ್ದು, ನಿಜ. ಆದರೂ ಧೂಳು ಒರೆಸದೆ ಬಿಟ್ಟರೆಂಬುದನ್ನು ಗಮನಿಸಿ. ಧೂಳಿಗೂ ಗಿರಾಕಿಗಳಿದ್ದಾರೆಂದು ಅವರಿಗೆ ಗೊತ್ತಿತ್ತು. ಇನ್ನು ಕೆಲವು ದೇಶಗಳಲ್ಲಿ ಹೊಸ ತಗಡಿನ ಮೇಲೆ ತುಕ್ಕಿನ ಹಾಗೆ ಕಾಣುವ ಬಣ್ಣ ಹೊಡೆಸಿಕೊಳ್ಳುವ ಶೋಕಿಯೂ ಇದೆ. ವಯಸ್ಸನ್ನು ಮುಚ್ಚಿಡುವುದು ಸುಳ್ಳಾದರೆ, ಇಲ್ಲದ ವಯಸ್ಸನ್ನು ಹಚ್ಚಿಕೊಳ್ಳುವುದೂ ಸುಳ್ಳೇ. ಬಡವರ ಮನೆಯ ಸೋರುವ ಮಾಡನ್ನು ಚಂದದ ಫೋಟೋ ಮಾಡುವವರ ಹಾಗೆ, ತುಕ್ಕನ್ನು ಮೆಚ್ಚುವವರೂ ಅದರ ಕೆಳಗೆ ಲೋಹ ಸಾಯುತ್ತಿರುವುದನ್ನು ನೋಡದೆ ಇರಬಹುದು.

ಈ ಎರಡು ತುದಿಗಳ ನಡುವೆ ದಾರಿ ಹುಡುಕುವುದಕ್ಕೆ ಕೈಕೆಲಸದವರ ಅನುಭವ ತತ್ವಜ್ಞಾನಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ. ಅವರು ತುಕ್ಕು ಕಂಡ ಕೂಡಲೇ ಉಜ್ಜಲು ಶುರುಮಾಡುವುದಿಲ್ಲ, ಮೊದಲು ಕೇಳುತ್ತಾರೆ. ಬೆರಳ ಗೆಣ್ಣಿನಿಂದ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆತ್ತಗೆ ತಟ್ಟಿದರೆ ಗಟ್ಟಿ ತಗಡಿನ ಸದ್ದೇ ಬೇರೆ, ಒಳಗೆ ತಿಂದುಹೋದ ತಗಡಿನ ಸದ್ದೇ ಬೇರೆ. ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿನಿಂದ ಬಂದಿದೆ ಎಂದೇ ಅರ್ಥ, ಕಾಣುವುದು ಅದರ ತುದಿ ಮಾತ್ರ. ಚಾಸಿಯಲ್ಲಿ, ನೆಲದ ತಗಡಿನಲ್ಲಿ, ಬ್ರೇಕಿನ ಪೈಪುಗಳಲ್ಲಿ ಇಂಥದ್ದು ಕಂಡರೆ ಅದು ಮನೆಯ ಕೆಲಸವಲ್ಲ. ಅಲ್ಲಿ ನೆನಪಿನ ಪ್ರಶ್ನೆ ಹಿಂದಕ್ಕೆ ಹೋಗಿ ಪ್ರಾಣದ ಪ್ರಶ್ನೆ ಮುಂದಕ್ಕೆ ಬರುತ್ತದೆ. ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು.

ಮೇಲ್ಮೈ ತುಕ್ಕೇ ಎಂದು ಖಾತ್ರಿಯಾದ ಮೇಲೆ ಅವರ ಎರಡನೆಯ ನಿಯಮ: ಅತ್ಯಂತ ಸೌಮ್ಯವಾದುದರಿಂದ ಶುರುಮಾಡು. ಮೊದಲು ಸೋಪಿನ ನೀರು. ಎಷ್ಟೋ ಸಲ ತುಕ್ಕೆಂದುಕೊಂಡದ್ದು ಬೇರೆಲ್ಲಿಂದಲೋ ಇಳಿದುಬಂದ ಕಲೆಯಾಗಿರುತ್ತದೆ. ಬಂಪರಿನ ಕ್ರೋಮಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕಾಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ಅಲ್ಲಿ ತುಕ್ಕು ಹಿಡಿದಿರುವುದು ಕ್ರೋಮಿಗಲ್ಲ, ಅದರ ಸಣ್ಣ ರಂಧ್ರಗಳ ಕೆಳಗಿರುವ ಉಕ್ಕಿಗೆ. ಬಿಚ್ಚಲು ಬರುವ ಬೋಲ್ಟು, ಬ್ರ್ಯಾಕೆಟ್ಟುಗಳನ್ನು ವಿನೆಗರಿನಲ್ಲಿ ನೆನೆಸಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚುತ್ತಾರೆ. ಬಾಡಿಯ ತಗಡಿಗೆ ಉಪ್ಪುಕಾಗದ, ಗ್ಯಾರೇಜಿನ ಭಾಷೆಯಲ್ಲಿ ವಾಟರ್ ಪೇಪರ್, ಕೊನೆಯ ಅಸ್ತ್ರ. ಅದನ್ನೂ ನೀರು ಹಾಕಿ ಉಜ್ಜುವುದು ಲೇಸು, ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ, ಒಣ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ ತುಕ್ಕು ಕ್ಷಣದಲ್ಲಿ ಹೋಗುತ್ತದೆ, ಆದರೆ ಅದರ ಹೊಗೆ ತಾಗಿ ಪಕ್ಕದ ಒಳ್ಳೆಯ ಉಕ್ಕೆಲ್ಲ ತುಕ್ಕು ಹಿಡಿಯುತ್ತದೆ. ಒಂದು ಕೆಡುಕನ್ನು ಬೇಗ ಮುಗಿಸುವ ಆತುರದಲ್ಲಿ ಹತ್ತನ್ನು ಹುಟ್ಟಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಲ್ಲೊಂದು ನೈತಿಕ ಸೂಕ್ಷ್ಮವಿದೆ ಎಂದು ನನಗನ್ನಿಸುತ್ತದೆ. ಉಜ್ಜುವ ಪ್ರತಿಯೊಂದು ಸಾಧನವೂ ತುಕ್ಕನ್ನು ಮಾತ್ರ ತೆಗೆಯುವುದಿಲ್ಲ, ಒಳ್ಳೆಯ ಲೋಹವನ್ನೂ ಒಳ್ಳೆಯ ಬಣ್ಣವನ್ನೂ ಸ್ವಲ್ಪ ತೆಗೆದೇ ತೆಗೆಯುತ್ತದೆ. ಶುದ್ಧಿ ಮಾಡುವ ಕೈ ತನ್ನ ಬಲವನ್ನು ತಾನೇ ಅಳೆಯಬೇಕು. ಸಮಾಜವನ್ನೋ ಭಾಷೆಯನ್ನೋ ಮಕ್ಕಳನ್ನೋ ತಿದ್ದಲು ಹೊರಟವರು ಒರಟು ಕಾಗದ ಹಿಡಿದೇ ಬರುವುದನ್ನು ನಾವು ನೋಡಿದ್ದೇವೆ. ಹೊಳೆಯುವ ತನಕ ಉಜ್ಜಿದ್ದರಿಂದ ತುಕ್ಕಿನ ಜೊತೆ ಇನ್ನೇನು ಹೋಯಿತು ಎಂದು ಅವರು ಕೇಳಿಕೊಳ್ಳುವುದಿಲ್ಲ. ಇದಕ್ಕೆ ಎದುರಾದ ತಪ್ಪೂ ಇದೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಮಾರಿಬಿಡುವುದು. ಕೊಂಡವನಿಗೆ ಒಂದು ಮಳೆಗಾಲ ಕಳೆದಮೇಲೆ ಗುಳ್ಳೆಗಳು ಕಾಣುತ್ತವೆ. ಮೊದಲನೆಯವರು ಅತಿಯಾಗಿ ತೆಗೆದರು, ಎರಡನೆಯವರು ತೆಗೆದ ಹಾಗೆ ತೋರಿಸಿದರು.

ತೆಗೆಯದೆಯೂ ನಿಲ್ಲಿಸುವ ಉಪಾಯ ಒಂದಿದೆ. ಟ್ಯಾನಿಕ್ ಆಮ್ಲ ಹಚ್ಚಿದರೆ ಕಂದು ತುಕ್ಕು ನೀಲಿಗಪ್ಪು ಬಣ್ಣದ, ಹೆಚ್ಚು ಸ್ಥಿರವಾದ ಪದರವಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕಬ್ಬಿಣದ ಹಳೆಯ ವಸ್ತುಗಳಿಗೆ ಇದನ್ನು ಬಳಸುವುದುಂಟು. ಸಾಹಿತ್ಯದ ಓದುಗರಿಗೆ ಈ ರಸಾಯನ ಹೊಸದಲ್ಲ. ಅಳಲೆಕಾಯಿಯ ಒಗರಿನಲ್ಲಿರುವುದು ಇದೇ ಜಾತಿಯ ಟ್ಯಾನಿನ್, ಅನ್ನಭೇದಿ ಎಂದರೆ ಕಬ್ಬಿಣದ ಲವಣ. ಎರಡನ್ನೂ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರು. ಕಾರಿನ ಬಾಗಿಲಿನ ತುಕ್ಕು ಕಪ್ಪಾಗಿ ನಿಲ್ಲುವುದೂ, ಕಡತದ ಅಕ್ಷರ ಕಪ್ಪಾಗಿ ನಿಲ್ಲುವುದೂ ಹೆಚ್ಚುಕಡಿಮೆ ಒಂದೇ ಕ್ರಿಯೆಯಿಂದ.

ಎಲ್ಲ ತುಕ್ಕೂ ತಿನ್ನುವುದಿಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ದೆಹಲಿಯ ಕಬ್ಬಿಣದ ಕಂಬ. ಸುಮಾರು 1,600 ವರ್ಷಗಳಿಂದ ಅದು ಬಯಲಿನಲ್ಲಿ ನಿಂತಿದೆ. ಅದಕ್ಕೆ ತುಕ್ಕೇ ಹಿಡಿದಿಲ್ಲ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರ ಅಧ್ಯಯನಗಳು ತೋರಿಸಿದ್ದು ಬೇರೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರಿಂದಾಗಿ ಅಲ್ಲಿ ಹುಟ್ಟಿದ ತೆಳು ತುಕ್ಕಿನ ಪದರ ಲೋಹವನ್ನು ಬಿಗಿಯಾಗಿ ಅಪ್ಪಿಕೊಂಡು ಒಳಗಿನದನ್ನು ಕಾಯುತ್ತಿದೆ. ಅಂದರೆ ಆ ಕಂಬ ಉಳಿದಿರುವುದು ತುಕ್ಕಿಲ್ಲದೆ ಅಲ್ಲ, ತನ್ನ ತುಕ್ಕಿನಿಂದಲೇ. ಯಾರಾದರೂ ಉತ್ಸಾಹಿ ಅದನ್ನು ಫಳಫಳ ಉಜ್ಜಿದರೆ ಅದರ ಕವಚವನ್ನೇ ಕಳಚಿದ ಹಾಗೆ. ನಮ್ಮ ಕೊಡಚಾದ್ರಿಯ ಮೇಲೆ, ಮಳೆ ಧಾರೆಯಾಗಿ ಸುರಿಯುವ ಜಾಗದಲ್ಲಿ, ದೇವಾಲಯದ ಮುಂದೆಯೂ ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆ. ಚಾರಣಕ್ಕೆ ಹೋದವರು ಅದನ್ನು ನೋಡಿಯೇ ಇರುತ್ತೀರಿ. ಕಾರಿನ ತಗಡಿಗೆ ಇಂಥ ಭಾಗ್ಯವಿಲ್ಲ, ಅದರ ತುಕ್ಕು ಕಾಯುವ ಜಾತಿಯದಲ್ಲ. ಆದರೂ ಈ ಕಂಬಗಳು ಒಂದು ಪ್ರಶ್ನೆಯನ್ನು ನಮ್ಮ ಕೈಗೆ ಕೊಡುತ್ತವೆ: ಈ ಕಲೆ ಒಳಗಿನದನ್ನು ತಿನ್ನುತ್ತಿದೆಯೋ, ಅಥವಾ ಒಳಗಿನದರ ಮೇಲೆ ಸುಮ್ಮನೆ ಕೂತಿದೆಯೋ? ತಿನ್ನುತ್ತಿದ್ದರೆ ಅದು ಎಷ್ಟೇ ಹಳೆಯದಾಗಲಿ, ಎಷ್ಟೇ ಪ್ರಿಯವಾಗಲಿ ತೆಗೆಯಬೇಕು. ಸುಮ್ಮನೆ ಕೂತಿದ್ದರೆ ಅದು ಎಷ್ಟೇ ಅಂದಗೆಟ್ಟಿರಲಿ, ತೆಗೆಯುವ ಮುಂಚೆ ಎರಡು ಸಲ ಯೋಚಿಸಬೇಕು. ಮನೆತನದ ಪದ್ಧತಿಗಳಿಗೂ, ಹಿರಿಯರಿಂದ ಬಂದ ನಂಬಿಕೆಗಳಿಗೂ ಈ ಪ್ರಶ್ನೆಯನ್ನು ಕೇಳಬಹುದು. ಹಳೆಯದೆಂಬ ಕಾರಣಕ್ಕೆ ಏನನ್ನೂ ಉಳಿಸಬೇಕಾಗಿಲ್ಲ, ತೆಗೆಯಬೇಕಾಗಿಯೂ ಇಲ್ಲ.

ಸಾಗರದ ಕಾರಿನ ಜಗಳ ತೀರಿದ್ದು ಹೀಗೆ. ಊರಿನಲ್ಲಿ ಟಿಂಕರಿಂಗ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆಸಿದರು. ಅವರು ಬಾಗಿಲನ್ನು ಒಳಗೂ ಹೊರಗೂ ತಟ್ಟಿ ನೋಡಿ, "ಇದಿನ್ನೂ ಮೇಲಿಂದ ಮೇಲಿನ ತುಕ್ಕು ಅಮ್ಮಾ, ಒಳಗೆ ಹೋಗಿಲ್ಲ. ನಂಗೆ ಕೊಟ್ರೆ ಬಣ್ಣ ಹೊಡೆದು ಕೊಡ್ತೇನೆ, ನನ್ನ ಕಸುಬು ಅದು. ಆದ್ರೆ ಇದನ್ನ ಇಟ್ಕೋಬೇಕು ಅಂದ್ರೆ ನೀವೇ ಇಟ್ಕೋಬೇಕು, ವರ್ಷಾ ವರ್ಷಾ" ಎಂದರು. ತೀರಾ ನಯವಾದ ಸ್ಟೀಲ್ ವೂಲನ್ನು ತೆಳು ಎಣ್ಣೆಯಲ್ಲಿ ಅದ್ದಿ, ಒತ್ತದೆ, ಸುತ್ತಲಿನ ಬಣ್ಣಕ್ಕೆ ತಾಗದ ಹಾಗೆ ತುಕ್ಕಿನ ಪುಡಿಯನ್ನಷ್ಟೇ ಎತ್ತುವುದು, ಎಣ್ಣೆಯನ್ನು ಪೂರಾ ಒರೆಸಿ ಮೇಣ ಹಚ್ಚುವುದು ಹೇಗೆಂದು ತೋರಿಸಿಕೊಟ್ಟರು. ಬಾನೆಟ್ಟಿನ ಅಂಚು, ಬಾಗಿಲ ಕೆಳಭಾಗಗಳನ್ನು ಮಾತ್ರ ಉಜ್ಜಿ, ಪ್ರೈಮರ್ ಕೊಟ್ಟು, ಹಳೆಯ ಬಣ್ಣಕ್ಕೆ ಹೊಂದಿಸಿ ಬಣ್ಣ ಹೊಡೆದರು. ಮೊಣಕೈಯ ಜಾಗ ಈಗ ಮತ್ತೆ ಬೂದು ಬಣ್ಣದ ನುಣುಪು ತಗಡು.

ಆ ಹಿರಿಯರ ಮಾತಿನಲ್ಲಿ ಈ ಇಡೀ ಪ್ರಶ್ನೆಯ ಗಂಟು ಇದೆ. ಬಣ್ಣ ಹೊಡೆಸಿದ್ದರೆ ಕೆಲಸ ಒಂದು ಸಲಕ್ಕೆ ಮುಗಿಯುತ್ತಿತ್ತು, ಗುರುತೂ ಮುಗಿಯುತ್ತಿತ್ತು. ಮುಟ್ಟದೆ ಬಿಟ್ಟಿದ್ದರೆ ಕೆಲಸವೇ ಇರುತ್ತಿರಲಿಲ್ಲ, ಕೆಲವು ವರ್ಷಕ್ಕೆ ಬಾಗಿಲೂ ಇರುತ್ತಿರಲಿಲ್ಲ. ಗುರುತನ್ನು ಉಳಿಸಿಕೊಳ್ಳಬೇಕೆಂದರೆ ಅದರ ಜೊತೆ ಮುಗಿಯದ ಒಂದು ಕೆಲಸವನ್ನೂ ಉಳಿಸಿಕೊಳ್ಳಬೇಕು. ಮೇಣ ಒಂದು ವರ್ಷ ತಾಳುತ್ತದೆ, ಆಮೇಲೆ ಮತ್ತೆ ಹಚ್ಚಬೇಕು. ನೆನಪನ್ನು ಪ್ರೀತಿಸುತ್ತೇವೆ ಎನ್ನುವವರಲ್ಲಿ ಎಷ್ಟು ಮಂದಿ ಈ ಷರತ್ತಿಗೆ ಒಪ್ಪುತ್ತೇವೆ? ಸ್ಮಾರಕ ಕಟ್ಟಿಸಲು ಚಂದಾ ಕೊಡುವವರು ಬಹಳ ಮಂದಿ, ಅದರ ಕಸ ಗುಡಿಸುವವರು ಕಡಿಮೆ.

ವರ್ಷಕ್ಕೊಮ್ಮೆ ಎಂಬುದಕ್ಕೆ ನಮ್ಮಲ್ಲಿ ದಿನವೂ ಗೊತ್ತಾಗಿದೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಆಶ್ವಯುಜ ಮಾಸದ ಶುಕ್ಲಪಕ್ಷದ ನವಮಿಯ ಸುಮಾರಿಗೆ, ಆಯುಧಪೂಜೆ ಬರುತ್ತದೆ. ಕತ್ತಿ, ಹಾರೆ, ಗುದ್ದಲಿ, ಈಳಿಗೆಮಣೆ, ಹೊಲಿಗೆ ಯಂತ್ರ, ಬಸ್ಸು, ಕಾರು ಎಲ್ಲವನ್ನೂ ಹೊರಗೆ ತೆಗೆದು, ತೊಳೆದು, ಒರೆಸಿ, ಕುಂಕುಮ ಹಚ್ಚುತ್ತಾರೆ. ನಾಲ್ಕು ತಿಂಗಳ ತೇವದಲ್ಲಿ ಯಾವುದಕ್ಕೆ ಎಲ್ಲಿ ತುಕ್ಕು ಹಿಡಿದಿದೆ ಎಂದು ತಿಳಿಯಲು ಇದಕ್ಕಿಂತ ಸರಿಯಾದ ಕಾಲವಿಲ್ಲ. ಪೂಜೆಯ ಅರ್ಥವನ್ನು ಅವರವರ ಶ್ರದ್ಧೆಗೆ ಬಿಡೋಣ. ಅದರ ಕೆಳಗಿರುವ ಅಭ್ಯಾಸ ಮಾತ್ರ ಎಲ್ಲರಿಗೂ ಬೇಕಾದದ್ದು. ವಸ್ತುವಿಗೆ ನೋವಾಗುವುದಿಲ್ಲ, ಅದಕ್ಕೆ ಹಕ್ಕುಗಳಿಲ್ಲ ಎಂದು ವಾದಿಸಬಹುದು, ಸರಿಯೂ ಇರಬಹುದು. ಆದರೆ ಗಣಿಯಲ್ಲಿ ಅಗೆದವರು, ಕುಲುಮೆಯ ಮುಂದೆ ಬೆವರಿದವರು, ಕಾರ್ಖಾನೆಯಲ್ಲಿ ಜೋಡಿಸಿದವರು, ನಡುರಾತ್ರಿ ಮಳೆಯಲ್ಲಿ ಅದನ್ನೋಡಿಸಿಕೊಂಡು ರೋಗಿಯ ಮನೆಗೆ ಹೋದವರು, ಇವರೆಲ್ಲರ ಶ್ರಮ ಆ ತಗಡಿನಲ್ಲಿ ನಿಂತಿದೆ. ತುಕ್ಕು ಹಿಡಿಯಲು ಬಿಡುವುದೆಂದರೆ ಆ ಶ್ರಮವನ್ನು ಗಮನಕ್ಕೇ ತಂದುಕೊಳ್ಳದೆ ಕಳೆಯುವುದು. ಗಮನಿಸಿ, ಯೋಚಿಸಿ, ಇದನ್ನು ಬಿಟ್ಟುಕೊಡೋಣ ಎಂದು ಗುಜರಿಗೆ ಹಾಕಿದರೂ ಅದರಲ್ಲೊಂದು ಮರ್ಯಾದೆಯಿದೆ, ಆ ಉಕ್ಕು ಕರಗಿ ಇನ್ನೊಂದಾಗುತ್ತದೆ. ತಾರ್ಪಾಲಿನ ಕೆಳಗೆ ಮರೆತುಬಿಡುವುದರಲ್ಲಿ ಆ ಮರ್ಯಾದೆ ಇಲ್ಲ.

ಕೊನೆಗೆ ಒಂದು ಸಣ್ಣ ಕೆಲಸದ ಬಗ್ಗೆ ಹೇಳಬೇಕು. ಕಟ್ಟಡಗಳನ್ನೂ ಹಳೆಯ ವಾಹನಗಳನ್ನೂ ಸಂರಕ್ಷಿಸುವವರು ಎಲ್ಲೆಡೆ ಒಪ್ಪುವ ಒಂದು ನಿಯಮವಿದೆ: ಮಾಡಿದ್ದನ್ನು ಬರೆದಿಡು. ಯಾವ ದಿನ, ಯಾವ ಭಾಗ, ಏನನ್ನು ಹಚ್ಚಿ, ಎಷ್ಟು ತೆಗೆದೆ, ಏನನ್ನು ಬೇಕೆಂದೇ ಬಿಟ್ಟೆ. ಮುಂಚಿನ ಒಂದು ಫೋಟೋ, ಆಮೇಲಿನ ಒಂದು ಫೋಟೋ. ಕಾರಿನ ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಎರಡು ರೂಲಿನ ಒಂದು ನೋಟುಪುಸ್ತಕ ಇಟ್ಟರೆ ಸಾಕು. ಮುಂದೆ ಆ ಕಾರು ಮೊಮ್ಮಕ್ಕಳ ಕೈಗೋ ಅಪರಿಚಿತರ ಕೈಗೋ ಹೋದಾಗ, ಬಾಗಿಲಿನ ಮೇಲೆ ಅಂಗೈ ಅಗಲ ಬಣ್ಣ ಏಕಿಲ್ಲ ಎಂದು ಅವರು ಕೇಳುತ್ತಾರೆ. ಉತ್ತರ ಆ ಪುಸ್ತಕದಲ್ಲಿರುತ್ತದೆ. ಓದಿದ ಮೇಲೆ ಅವರು ಅದಕ್ಕೆ ಮೇಣ ಹಚ್ಚಬಹುದು, ಬೇಡವೆನ್ನಿಸಿದರೆ ಬಣ್ಣ ಹೊಡೆಯಬಹುದು. ಆ ತೀರ್ಮಾನ ಅವರದ್ದು. ತೀರ್ಮಾನಿಸಲು ಒಂದು ಬಾಗಿಲನ್ನು ಅವರ ತನಕ ಮುಟ್ಟಿಸುವುದಷ್ಟೇ ನಮ್ಮದು.